ಹತ್ತಿ ನುಂಗುವ ಪೆಟ್ಟಿಗೆ

ಸೋಮವಾರ, 13 ಜನವರಿ 1936, ಶಿರಸಿ

ಇಂದು ಬೆಳಿಗ್ಗೆ ಪಡಸಾಲೆ ಗುಡಿಸುವಾಗ ಅತ್ತೆಯವರು ಮೂರು ಸಲ ಬೈದರು. ಒಂದು ಸಲ ಕಸಬರಿಗೆ ಹಿಡಿದ ರೀತಿಗೆ, ಒಂದು ಸಲ ಬಾಗಿಲು ತೆರೆದಿದ್ದಕ್ಕೆ, ಇನ್ನೊಂದು ಸಲ ಅದೇ ಬಾಗಿಲು ಹಾಕಿದ್ದಕ್ಕೆ.

ಈ ಮನೆಯಲ್ಲಿ ಕಸ ಗುಡಿಸುವುದು ಏನೆಂದು ಬೇರೆಯವರಿಗೆ ತಿಳಿಯಲಾರದು. ನಮ್ಮದು ಹತ್ತಿ ಹಿಂಜಿ ಗಾದಿ ಮಾಡುವ ಮನೆ. ಮಾವ ಅಬ್ದುಲ್ ಗಫೂರ್ ಪಡಸಾಲೆಯಲ್ಲಿ ಕೂತು ಬಿಲ್ಲಿನಿಂದ ಹತ್ತಿ ಹಿಂಜುತ್ತಾರೆ. ಅತ್ತೆ ಬಿಸ್ಮಿಲ್ಲಾ ಬಿ ಗಾದಿ ಹೊಲಿಯುತ್ತಾರೆ. ಇವರು, ಅಂದರೆ ನನ್ನ ಗಂಡ ರಸೂಲ್, ಗಾದಿಗಳನ್ನು ಊರೂರಿಗೆ ಮುಟ್ಟಿಸುತ್ತಾರೆ. ಹೊರಗೆ ಕೂತು ಹಿಂಜಿದರೆ ಹತ್ತಿ ಗಾಳಿಪಾಲು. ಒಳಗೆ ಕೂತು ಹಿಂಜಿದರೆ ಅದರ ಸಣ್ಣ ಎಳೆಗಳು ಮನೆಯ ಪಾಲು. ಜಂತಿಯ ಮೇಲೆ, ಕಿಟಕಿಯ ಸಳಿಯ ಮೇಲೆ, ನೀರಿನ ಕೊಡದ ಬಾಯಲ್ಲಿ, ಮಾವನ ಹುಬ್ಬಿನಲ್ಲಿ, ಎಲ್ಲೆಲ್ಲೂ ಹತ್ತಿ. ಗುಡಿಸಿದರೆ ಎದ್ದು ಹಾರುತ್ತದೆ. ಬಿಟ್ಟರೆ ಕೂತು ಬೆಳೆಯುತ್ತದೆ.

"ಕಸಬರಿಗಿ ಹಿಡಿಯೂದು ಅಂದ್ರ ಧೂಳ ಓಡಸೂದಲ್ಲವಾ, ಕೂಡಸೂದು," ಅಂದರು ಅತ್ತೆಯವರು. ಅಂದವರೇ ಕೆಮ್ಮತೊಡಗಿದರು. ಆ ಕೆಮ್ಮು ಮಧ್ಯಾಹ್ನದ ಊಟದವರೆಗೂ ನಿಲ್ಲಲಿಲ್ಲ. ಅದಕ್ಕೂ ನಾನೇ ಕಾರಣವಂತೆ.

ಈ ಮನೆಗೆ ಬಂದು ಎರಡು ವರ್ಷವಾಯಿತು. ಎರಡು ವರ್ಷದಲ್ಲಿ ನನ್ನ ಒಂದು ಕೆಲಸವೂ ಅವರಿಗೆ ಸರಿ ಕಂಡಿಲ್ಲ. ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತದ್ದರ ಉಪಯೋಗ ಇದೊಂದೇ: ಯಾರಿಗೂ ಹೇಳಲಾರದ್ದನ್ನು ಇಲ್ಲಿ ಬರೆಯಬಹುದು.

ಗುರುವಾರ, 16 ಜನವರಿ

ಅತ್ತೆಯವರನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಹತ್ತಿಯ ಎಳೆ ಉಸಿರಿನ ದಾರಿಯಲ್ಲಿ ಕೂರುತ್ತಿದೆ, ಔಷಧದಿಂದ ಅರ್ಧ ಮಾತ್ರ ಗುಣವಾದೀತು, ಈ ಮನೆಯಿಂದ ದೂರ ಇರಿಸಿ, ಇಲ್ಲವೇ ಮನೆಯೊಳಗೆ ಒಂದು ಎಳೆಯೂ ಹಾರದಂತೆ ನೋಡಿಕೊಳ್ಳಿ ಅಂದರು. ಹಾಗೇ ಬಿಟ್ಟರೆ ಬರುವ ಚಳಿಗಾಲವನ್ನು ಅವರು ಕಾಣುವುದು ಕಷ್ಟ ಎಂದೂ ಮಾವನನ್ನು ಬದಿಗೆ ಕರೆದು ಹೇಳಿದರಂತೆ.

ಇಡಗುಂದಿಯಲ್ಲಿ ನಾದಿನಿ ಜೊಹರಾ ಇದ್ದಾಳೆ. ಅವಳ ಗಂಡನಿಗೆ ಕಾಡಿನಿಂದ ಮರದ ನಾಟಾ ಸಾಗಿಸುವ ಗಾಡಿಯ ಕೆಲಸ. ಅಲ್ಲಿ ಹತ್ತಿ ಇಲ್ಲ. ಅತ್ತೆಯವರು ಅಲ್ಲಿಯೇ ಇರಲಿ ಎಂದು ಮಾವ ತೀರ್ಮಾನಿಸಿದರು.

"ಎಷ್ಟ ದಿನ?" ಎಂದು ಅತ್ತೆಯವರು ಕೇಳಿದರು. ಮಾವ ಬಿಲ್ಲಿನ ನರ ಬಿಗಿಯುತ್ತ ಕೂತರು.

ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ನನಗೆ ಸಂತೋಷವಾಯಿತು. ಅವರ ಉಸಿರಿಗೂ ಒಳ್ಳೆಯದು, ನನ್ನ ಉಸಿರಿಗೂ ಒಳ್ಳೆಯದು.

ಮಂಗಳವಾರ, 21 ಜನವರಿ

ನಿನ್ನೆ ಬೆಳಿಗ್ಗೆಯ ಮೋಟಾರಿಗೆ ಅತ್ತೆಯವರು ಹೋದರು. ಮೋಟಾರು ಹೊರಡುವ ಮುಂಚೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹತ್ತು ಮಾತು ಹೇಳಿದರು. ಹತ್ತೂ ನನಗೇ.

ಇಂದು ನಾನು ರಾಣಿ. ಪಲ್ಯಕ್ಕೆ ನನಗೆ ಬೇಕಾದಷ್ಟು ಖಾರ ಹಾಕಿದೆ. ಅತ್ತೆಯವರು ಕೂರುವ ಕಿಟಕಿಯ ಕೆಳಗೆ ಕಾಲು ಚಾಚಿ ಕೂತು ಎರಡು ಬಟ್ಟಲು ಚಹಾ ಕುಡಿದೆ. ಕಸಬರಿಗೆಯನ್ನು ನನಗೆ ಬೇಕಾದ ಹಾಗೆ ಹಿಡಿದೆ. ಧೂಳು ಜಂತಿಗೆ ಹೋಗಿ ತಿರುಗಿ ನನ್ನ ತಲೆಯ ಮೇಲೆ ಇಳಿಯಿತು. ಇಳಿಯಲಿ, ಕೇಳುವವರು ಯಾರಿದ್ದಾರೆ?

ಶುಕ್ರವಾರ, 24 ಜನವರಿ

ಇಂದೂ ಖಾರದ ಪಲ್ಯ. ಮಾವ ಎರಡು ಚೊಂಬು ನೀರು ಕುಡಿದರು.

ಗುರುವಾರ, 30 ಜನವರಿ

ಬನವಾಸಿ ಕಡೆಯ ಕಲ್ಲವ್ವ ಎಂಬವರು ಮಗಳ ಮದುವೆಗೆಂದು ಎರಡು ಗಾದಿ ಹೇಳಿದ್ದರು. ಒಂದನ್ನು ನಾನೇ ಹೊಲಿದಿದ್ದೆ. ಒಯ್ಯಲು ಬಂದವರು ಅಂಚಿನ ಮೇಲೆ ಬೆರಳು ಆಡಿಸಿ, "ಇದು ಬಿಸ್ಮಿಲ್ಲಾ ಬಿ ಕೈದಲ್ಲ ಬಿಡ್ರಿ. ಆಕೀ ಎಲ್ಲಿ?" ಎಂದರು.

ಊರಿಗೆ ಹೋಗಿದ್ದಾರೆ ಎಂದೆ.

"ಯಾವಾಗ ಬರ್ತಾಳ?"

ನನಗೆ ತಿಳಿಯದು ಎಂದೆ. ಅವರು ಗಾದಿಯನ್ನು ಒಯ್ದರು, ಆದರೆ ಒಯ್ಯುವ ಮೊದಲು ಅಂಚನ್ನು ಎರಡು ಸಲ ತಿರುಗಿಸಿ ನೋಡಿದರು.

ಮಾವ ಈಗ ಮಾತೇ ಆಡುವುದಿಲ್ಲ. ಮೊದಲು ಬಿಲ್ಲಿನ ಸದ್ದಿನ ನಡುವೆ ಅವರೂ ಅತ್ತೆಯವರೂ ಜಗಳ ಆಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಆದರೂ ಆಡುತ್ತಿದ್ದರು. ಈಗ ಬಿಲ್ಲಿನ ಸದ್ದು ಮಾತ್ರ.

ಬುಧವಾರ, 5 ಫೆಬ್ರುವರಿ

ಜೊಹರಾಳ ಕಾಗದ ಬಂತು. ಅಲ್ಲಿಯ ಶಾಲೆಯ ಮಾಸ್ತರರಿಂದ ಬರೆಸಿದ್ದಾಳೆ. ಅಮ್ಮನ ಕೆಮ್ಮು ಬಹಳ ಕಡಿಮೆಯಾಗಿದೆ, ಉಸಿರು ಹಗುರವಾಗಿದೆ, ಆದರೆ ಊಟ ಸೇರುವುದಿಲ್ಲ, ದಿನವೂ ಹಾದಿ ಕಾಣುವ ಕಡೆಗೆ ಮುಖ ಮಾಡಿ ಕೂರುತ್ತಾಳೆ ಎಂದಿತ್ತು. ಕೊನೆಯಲ್ಲಿ "ಕುಲ್ಸುಮ್ ಉಂಡಳೋ ಇಲ್ಲವೋ ಎಂದು ಕೇಳುತ್ತಾಳೆ" ಎಂದೂ ಇತ್ತು. ನನ್ನ ಹೆಸರು! ಮಾಸ್ತರರು ತಪ್ಪಾಗಿ ಬರೆದಿರಬೇಕು.

ಇಂದೇ ಇನ್ನೊಂದು ಸಂಗತಿ. ನೂಲಿನ ಲಡಿ ಸುತ್ತಿ ಕೊಟ್ಟ ಹಳೆಯ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದೆ. ಒಬ್ಬ ಹೆಂಗಸು ಉದ್ದನೆಯ ಕೊಳವೆ ಹಿಡಿದು ನಿಂತಿದ್ದಾಳೆ. ಕೊಳವೆ ಧೂಳನ್ನು ಎಳೆದುಕೊಂಡು ಚೀಲದೊಳಗೆ ತುಂಬುತ್ತದಂತೆ. ಗುಡಿಸುವ ಅಗತ್ಯವಿಲ್ಲ, ಒಂದು ಕಣವೂ ಮೇಲೇಳುವುದಿಲ್ಲ ಎಂದು ಬರೆದಿತ್ತು.

ಇವರಿಗೆ ತೋರಿಸಿದೆ. ಓದಿ ನಕ್ಕರು. "ಇದಕ್ಕ ಬಿಜಲಿ ಬೇಕು. ನಮ್ಮ ಮನ್ಯಾಗ ಚಿಮಣಿ ಎಣ್ಣಿಗೇ ಪರದಾಟ."

"ಕೈಯಿಂದ ನಡಿಯೂದೂ ಐತಂತ ಕೆಳಗ ಬರದಾರ, ನೋಡ್ರಿ."

ಕೆಳಗಿನ ಸಾಲನ್ನು ಎರಡು ಸಲ ಓದಿ, "ಯಾಕ ಬೇಕು ನಿನಗ?" ಎಂದರು.

ಗುಡಿಸಿ ಗುಡಿಸಿ ನನ್ನ ಸೊಂಟ ಹೋಯಿತು, ಅದಕ್ಕೆ ಎಂದೆ. ನಿಜವೂ ಅದೇ.

ಭಾನುವಾರ, 9 ಫೆಬ್ರುವರಿ

ಪೇಟೆಯ ಒಂದು ಅಂಗಡಿಗೆ ಹುಬ್ಬಳ್ಳಿಯಿಂದ ಗೋವಿಂದ ಎಂಬ ಮಾರಾಟಗಾರ ಅಂಥದೇ ಯಂತ್ರ ತಂದಿದ್ದಾನೆ ಎಂದು ಸುದ್ದಿ ಸಿಕ್ಕಿತು. ಇವರೊಂದಿಗೆ ಹೋದೆ. ಹೋಗುವಾಗ ಪಡಸಾಲೆಯ ಮೂಲೆಯಿಂದ ಒಂದು ಹಿಡಿ ಹತ್ತಿ ಧೂಳನ್ನು ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ತಗಡಿನ ಉದ್ದನೆಯ ಕೊಳವೆ, ಬಣ್ಣ ಹಚ್ಚಿ ಹೊಳೆಯುತ್ತಿತ್ತು. ಪಿಚಕಾರಿಯ ಹಾಗೆ ಹಿಂದೆ ಮುಂದೆ ಎಳೆದರೆ ಧೂಳು ಒಳಗೆ ಹೋಗುತ್ತದೆ. ಒಬ್ಬರೇ ನಡೆಸಬಹುದು. ಬೆಲೆಯೂ ಕೈಗೆ ಎಟುಕುವಂಥದ್ದು. ಗೋವಿಂದ ಜಮಖಾನೆಯ ಮೇಲೆ ಗೋಧಿ ಹಿಟ್ಟು ಚೆಲ್ಲಿ ನಾಲ್ಕು ಸಲ ಎಳೆದ. ಹಿಟ್ಟು ಮಾಯವಾಯಿತು. ನೆರೆದವರೆಲ್ಲ ತಲೆದೂಗಿದರು. ಇವರು ಆಗಲೇ ಕಿಸೆಗೆ ಕೈ ಹಾಕಿದ್ದರು.

ನಾನು ಕರವಸ್ತ್ರ ಬಿಚ್ಚಿ, "ಇದನ್ನ ಎಳೀರಿ ನೋಡೂಣು," ಎಂದೆ.

ಅವನು ನಗುತ್ತಲೇ ಎಳೆದ. ಮೊದಲ ಎಳೆತಕ್ಕೆ ಒಳಗೆ ಹೋಯಿತು. ಎರಡನೆಯದಕ್ಕೆ ಕೊಳವೆಯ ಬಾಯಿ ಕಟ್ಟಿತು. ಮೂರನೆಯದಕ್ಕೆ ಬಲ ಹಾಕಿದ. ಆಗ ಹಿಂದಿನ ಮುಚ್ಚಳ ಹಾರಿ, ಹತ್ತಿ, ಹಿಟ್ಟು ಎರಡೂ ಅವನ ಮೀಸೆಯ ಮೇಲೆ ಬಂದು ಕೂತವು. ಪಾಪ, ಒಂದರ ಹಿಂದೊಂದು ಸೀನಿದ. ಎಷ್ಟು ಸಲವೆಂದು ಎಣಿಸಲು ಹೋಗಿ ಲೆಕ್ಕ ತಪ್ಪಿದೆ. ಅಂಗಡಿಯವರು ಗಲ್ಲಾ ಪೆಟ್ಟಿಗೆಯ ಹಿಂದೆ ಬಗ್ಗಿ ನಗು ಮುಚ್ಚಿಕೊಂಡರು.

ಗೋವಿಂದ ಮುಖ ಒರೆಸಿಕೊಂಡು, "ಅಕ್ಕಾ, ಇದು ದೊಡ್ಡ ಮಂದಿ ಮನೀ ಧೂಳಿಗೆ ಮಾಡಿದ್ದು. ನಿಮ್ಮಂಥಾ ಧೂಳಿಗಲ್ಲ," ಎಂದ. ಒಳ್ಳೆಯ ಮನುಷ್ಯ.

ಮನೆಗೆ ಬಂದು ಮಾವನಿಗೆ ಹೇಳಿದೆ. ಬಹಳ ದಿನಗಳ ಮೇಲೆ ಅವರು ನಕ್ಕರು. ನಕ್ಕು ಕಿಟಕಿಯ ಕಡೆ ತಿರುಗಿ, "ಕೇಳಿದ್ಯಾ?" ಎಂದರು. ಅಲ್ಲಿ ಯಾರೂ ಇರಲಿಲ್ಲ.

ಭಾನುವಾರ, 16 ಫೆಬ್ರುವರಿ

ಎಷ್ಟು ಬರೆದರೂ ಸಾಲದಂಥ ದಿನ.

ಇವರ ಗೆಳೆಯ ಮುಕ್ತಾರ್ ಲಾರಿ ನಡೆಸುತ್ತಾನೆ. ಯಲ್ಲಾಪುರದಲ್ಲಿ ನಾಟಾ ಕಂಪನಿಯ ಸಾಹೇಬನೊಬ್ಬ ವಿಲಾಯತಿಗೆ ಹೊರಟಿದ್ದಾನೆ, ಬಂಗಲೆಯ ಸಾಮಾನೆಲ್ಲ ಲಿಲಾವು ಹಾಕುತ್ತಿದ್ದಾರೆ, ಅದರಲ್ಲಿ ಧೂಳಿನ ಯಂತ್ರವೂ ಇದೆ ಎಂದು ಅವನೇ ಸುದ್ದಿ ತಂದ. ಅವನ ಲಾರಿಯಲ್ಲೇ ಹೋದೆವು. ದಾರಿಯುದ್ದಕ್ಕೂ ಕೆಂಪು ಧೂಳು. ಯಲ್ಲಾಪುರ ಮುಟ್ಟುವಾಗ ನಾವು ಮೂವರೂ ಹೊಸ ಹೆಂಚಿನ ಬಣ್ಣಕ್ಕೆ ತಿರುಗಿದ್ದೆವು.

ಬಂಗಲೆಯ ಜಗುಲಿಯಲ್ಲಿ ಎರಡು ಯಂತ್ರಗಳಿದ್ದವು. ಒಂದು ಬಿಜಲಿಯದು, ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಸಾಹೇಬ ಬೇರೆ ಊರಿನಲ್ಲಿದ್ದಾಗ ಕೊಂಡದ್ದಂತೆ, ಇಲ್ಲಿಗೆ ತಂದ ಮೇಲೆ ಒಂದು ದಿನವೂ ನಡೆದಿಲ್ಲ. ಸಿದ್ದಾಪುರದ ಒಬ್ಬ ವ್ಯಾಪಾರಿ ಅದನ್ನು ಹಟ ಹಿಡಿದು ಕೂಗಿ ಕೊಂಡ. "ಬಿಜಲಿ ಬಂದಾಗ ಬರ್ಲಿ. ಅಲ್ಲಿವರೆಗೆ ಪಡಸಾಲೆಯಲ್ಲಿ ಇಡ್ತೆ," ಎಂದ. ಯಾರೂ ನಗಲಿಲ್ಲ, ಅವನೇ ನಕ್ಕ.

ಇನ್ನೊಂದು ಸಾಗವಾನಿಯ ಪೆಟ್ಟಿಗೆ. ಒಳಗೆ ಕಮ್ಮಾರನ ತಿದಿಯಂಥದ್ದು ಇದೆ, ಆದರೆ ಇದು ಗಾಳಿ ಊದುವುದಿಲ್ಲ, ಎಳೆಯುತ್ತದೆ. ಮೇಲೆ ಉದ್ದನೆಯ ಮರದ ಹಿಡಿಕೆ. ಒಬ್ಬರು ನಿಂತು ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಬೇಕು, ಇನ್ನೊಬ್ಬರು ಕೊಳವೆ ಹಿಡಿದು ನೆಲದ ಮೇಲೆ ಓಡಾಡಿಸಬೇಕು. ಇದನ್ನು ಯಾರೂ ಕೇಳಿರಲಿಲ್ಲ. ಬಂಗಲೆಯ ಅಡುಗೆಯವ ಕೆರಿಯ ನನ್ನ ಕೈಯ ಕರವಸ್ತ್ರ ನೋಡಿ, "ಅದೆಂತ ಗಂಟು?" ಎಂದು ಕೇಳಿದ. ಹೇಳಿದೆ. ಅವನು ತಾನೇ ಬಂದು ಹಿಡಿಕೆಗೆ ನಿಂತ. ನಾನು ಕೊಳವೆ ಹಿಡಿದೆ.

ಹಿಡಿ ಹತ್ತಿ ಧೂಳು ಒಂದೇ ಉಸಿರಿಗೆ ಒಳಗೆ ಹೋಯಿತು. ಸೊಂಟದಲ್ಲಿದ್ದ ಇನ್ನೊಂದು ಗಂಟನ್ನೂ ಸುರಿದೆ. ಅದೂ ಹೋಯಿತು. ಕರವಸ್ತ್ರವೂ ಹೋಗುತ್ತಿತ್ತು, ಮುಕ್ತಾರ್ ತುದಿ ಹಿಡಿದು ಎಳೆದುಕೊಂಡ.

"ಹತ್ತು ವರ್ಷ ಆಯ್ತು ಇದು ಈ ಮನೆಗೆ ಬಂದು," ಎಂದ ಕೆರಿಯ. "ಚರ್ಮ ಎರಡು ಸಲ ಹರೀತು. ಇಲ್ಲೇ ಹೊಲಿಸಿದ್ದು. ಬೇರೆ ಎಂತ ಆಗ್ಲಿಲ್ಲ."

ಇವರು ನನ್ನನ್ನು ಬದಿಗೆ ಕರೆದರು. ಚರ್ಮ ಬಿರುಕು ಬಿಟ್ಟಿದೆ, ಧೂಳು ತುಂಬುವ ಚೀಲ ಹರಿದಿದೆ, ಹಳೆಯ ಸಾಮಾನು, ಹುಬ್ಬಳ್ಳಿಗೆ ಹೋದರೆ ಇದಕ್ಕಿಂತ ಹಗುರವಾದದ್ದು ಸಿಗುತ್ತದೆ ಎಂದರು. ನಾನು ಹೇಳಿದೆ: ಚರ್ಮ ಹರಿದರೆ ನಮ್ಮ ಓಣಿಯಲ್ಲೇ ಹೊಲಿಯುತ್ತಾರೆ, ಮರ ಮುರಿದರೆ ಬಡಿಗನಿದ್ದಾನೆ, ಚೀಲ ಹರಿದರೆ ನಾವೇ ಇದ್ದೇವೆ. ಇದರಲ್ಲಿ ವಿಲಾಯತಿಯಿಂದಲೇ ತರಿಸಬೇಕಾದದ್ದು ಒಂದೂ ಇಲ್ಲ.

"ಅದೆಲ್ಲ ಖರೆ," ಎಂದರು ಇವರು. "ಆದ್ರ ಇದಕ್ಕ ಇಬ್ಬರು ಬೇಕು. ನೀ ಒಬ್ಬಾಕಿ. ಇನ್ನೊಬ್ಬರು ಯಾರು?"

ನಾನು ಕೊಳವೆಯನ್ನು ಸುತ್ತಿ ಇಡುತ್ತಿದ್ದೆ.

ಲಿಲಾವಿನ ಗುಮಾಸ್ತ ಮಧುಕೇಶ್ವರಪ್ಪನವರಿಗೆ ನಮ್ಮ ಕಸುಬು ತಿಳಿದ ಮೇಲೆ ಅವರೇ ಒಂದು ದಾರಿ ಹೇಳಿದರು. ಬರುವ ತಿಂಗಳು ಹೊಸ ಸಾಹೇಬ ಬರುತ್ತಾನೆ, ಬಂಗಲೆಗೆ ಎರಡು ಗಾದಿ ಬೇಕು. ದುಡ್ಡು ಬೇಡ, ಎರಡು ಒಳ್ಳೆಯ ಗಾದಿ ಮಾಡಿ ಕೊಡಿ, ಪೆಟ್ಟಿಗೆ ಈಗಲೇ ಒಯ್ಯಿರಿ. ಇವರು ನನ್ನ ಮುಖ ನೋಡಿದರು. ನಾನು ಆಗಲೇ ಪೆಟ್ಟಿಗೆಯ ಒಂದು ಕಡೆಯ ಹಿಡಿ ಎತ್ತಿದ್ದೆ.

ಗುರುವಾರ, 20 ಫೆಬ್ರುವರಿ

ನಮ್ಮ ಓಣಿಯಲ್ಲಿ ಚರ್ಮ ಹೊಲಿಯುವ ಚೌಡ ಪೆಟ್ಟಿಗೆಗೆ ಹೊಸ ಚರ್ಮ ಕೂಡಿಸಿ ಕೊಟ್ಟ. ಗಾಳಿ ಮೊದಲಿಗಿಂತ ಬಿಗಿಯಾಗಿದೆ. ಚೀಲವನ್ನು ನಾನು ಹೊಸದಾಗಿ ಹೊಲಿದೆ. ಮಾವ ಹಿಡಿಕೆ ಆಡಿಸಿದರು, ನಾನು ಕೊಳವೆ ಹಿಡಿದೆ. ನೆಲ ಕನ್ನಡಿಯಾಯಿತು. ಆದರೆ ಚೀಲದ ಹೊಲಿಗೆಯಿಂದ ಸಣ್ಣ ಎಳೆಗಳು ಹೊಗೆಯ ಹಾಗೆ ಹೊರಬಂದವು.

ಶನಿವಾರ, 22 ಫೆಬ್ರುವರಿ

ಮೂರನೆಯ ಚೀಲವೂ ಸೋರುತ್ತಿದೆ. ಮಾವ ಚೀಲವನ್ನು ತಿರುಗಿಸಿ ನೋಡಿ, "ಗಾದಿ ಒಳಗಿನ ಹತ್ತಿ ಹೊರಗ ಬರದಂಗ ಹೊಲಿಯೂದು ಈ ಊರಾಗ ಒಬ್ಬಾಕಿಗೆ ಗೊತ್ತು," ಎಂದರು. ಅವಳು ಈ ಊರಿನಲ್ಲಿಲ್ಲ ಎಂಬುದನ್ನು ಹೇಳಲಿಲ್ಲ.

ನಾಳೆ ಮೋಟಾರಿಗೆ ಇಡಗುಂದಿಗೆ ಹೋಗುತ್ತೇನೆ. ಚೀಲದ ಕೆಲಸಕ್ಕೆ.

ಸೋಮವಾರ, 24 ಫೆಬ್ರುವರಿ, ಇಡಗುಂದಿ

ಅತ್ತೆ ಅಂಗಳದಲ್ಲಿ ಕೂತಿದ್ದರು. ಕಾಗದದಲ್ಲಿ ಬರೆದ ಹಾಗೆಯೇ, ಹಾದಿಗೆ ಮುಖ ಮಾಡಿ. ಕೆನ್ನೆ ತುಂಬಿಲ್ಲ, ಆದರೆ ಕೆಮ್ಮಿಲ್ಲ. ನನ್ನನ್ನು ನೋಡಿ ಏಳಲು ಹೋಗಿ ಮತ್ತೆ ಕೂತರು.

"ಯಾರಿಗೆ ಏನಾತು?" ಎಂದರು ಮೊದಲು. ಯಾರಿಗೂ ಏನೂ ಆಗಿಲ್ಲ, ಒಂದು ಹೊಲಿಗೆ ಕೇಳಲು ಬಂದೆ ಎಂದು ಚೀಲ ಕೊಟ್ಟೆ. ಒಳಹೊರಗು ಮಾಡಿ ನೋಡಿದರು.

"ಯಾರ ಹೊಲಿಗಿ ಇದು?"

"ನಂದು."

"ಗೊತ್ತಾತು."

ಹೊಲಿಗೆಯನ್ನೆಲ್ಲ ಬಿಚ್ಚಿ ಹಾಕಿದರು. ಅಂಚನ್ನು ಎರಡು ಸಲ ಮಡಿಸಿ, ಮಡಿಕೆಯ ನಡುವೆ ಒಂದು ಎಳೆ ನೂಲು ಇಟ್ಟು, ಅದನ್ನು ಸೇರಿಸಿ ಒತ್ತೊತ್ತಾಗಿ ಹೊಲಿಯಬೇಕು. ಮಾಡಿ ತೋರಿಸಿದರು. ನನ್ನಿಂದ ಮಾಡಿಸಿದರು. ಬಿಚ್ಚಿಸಿದರು. ಮತ್ತೆ ಮಾಡಿಸಿದರು. ಎರಡು ವರ್ಷ ಅವರ ಪಕ್ಕದಲ್ಲೇ ಇದ್ದೂ ನಾನು ಒಮ್ಮೆಯೂ ಕೇಳಿರಲಿಲ್ಲ, ಅವರೂ ತೋರಿಸಿರಲಿಲ್ಲ.

ಹೊಲಿಯುತ್ತ ಗೋವಿಂದನ ಮೀಸೆಯ ಕಥೆ ಹೇಳಿದೆ. ಅತ್ತೆ ಸೂಜಿ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಜೊಹರಾ ಒಳಗಿನಿಂದ ಓಡಿ ಬಂದಳು. ಅಮ್ಮ ಇಲ್ಲಿಗೆ ಬಂದ ಮೇಲೆ ನಕ್ಕಿದ್ದು ಇದೇ ಮೊದಲು ಎಂದಳು.

ಅವಳು ಒಳಗೆ ಹೋದ ಮೇಲೆ ಅತ್ತೆ ಚೀಲದಿಂದ ಕಣ್ಣೆತ್ತದೆ ಕೇಳಿದರು. "ನಾ ಇಲ್ಲದ ಮನಿ ನಿನಗ ಹಗರ ಆಗಿರಬೇಕಲಾ?"

"ಆಗಿತ್ರಿ," ಎಂದೆ. "ಎಂಟು ದಿನ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಇಷ್ಟು ನೇರವಾಗಿ ಹೇಳಬಾರದಿತ್ತೇನೋ.

"ಆಮ್ಯಾಲೆ?"

"ಆಮ್ಯಾಲೆ ಮಾವ ಗ್ವಾಡಿ ಜೋಡಿ ಮಾತಾಡಾಕ ಹತ್ಯಾರ."

ಅತ್ತೆ ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಕೊಡು ಇಲ್ಲೆ, ಮೂಲಿ ಹೊಲಿಯೂದು ನಿನಗಿನ್ನೂ ಬರೂದಿಲ್ಲ," ಎಂದು ಸಂಜೆಯವರೆಗೆ ತಾವೇ ಹೊಲಿದರು.

ಬುಧವಾರ, 26 ಫೆಬ್ರುವರಿ, ಶಿರಸಿ

ಸೋರುವುದಿಲ್ಲ. ಒಂದು ಎಳೆಯೂ ಇಲ್ಲ. ಮಾವ ಚೀಲದ ಮುಂದೆ ಉರಿಯುವ ಕಡ್ಡಿ ಹಿಡಿದು ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಲು ಹೋದರು. ಹತ್ತಿಯ ಮನೆಯಲ್ಲಿ ಬೆಂಕಿ ಕಡ್ಡಿ. ಅವರ ಕೈಯಿಂದ ಕಸಿದು ನೀರಿಗೆ ಹಾಕಿ ಬೈದೆ. ಬೈದ ಮೇಲೆ ನನಗೇ ಹೆದರಿಕೆಯಾಯಿತು. ಅವರು, "ಥೇಟ್ ಹಂಗ ಬೈತೀ," ಎಂದು ಖುಷಿಯಿಂದ ತಲೆ ಕೆರೆದುಕೊಂಡರು.

ಡಾಕ್ಟರರನ್ನು ಕರೆದು ತಂದು ತೋರಿಸಿದೆವು. ಅವರೇ ಹಿಡಿಕೆ ಹಿಡಿದು ಹತ್ತು ಸಲ ಆಡಿಸಿ ನೋಡಿದರು. ಪಡಸಾಲೆಗೂ ಒಳಮನೆಗೂ ನಡುವೆ ಗೋಣಿತಟ್ಟಿನ ಪರದೆ ಕಟ್ಟಿ ಸದಾ ನೀರು ಚಿಮುಕಿಸಿರಿ, ಬೆಳಿಗ್ಗೆ ಸಂಜೆ ಎರಡು ಹೊತ್ತು ಯಂತ್ರ ಆಡಿಸಿರಿ ಎಂದರು. ಒಳಮನೆಯಲ್ಲಿ ಒಂದು ಕರಿಯ ಬಟ್ಟೆ ಹಾಸಿ, ಐದು ದಿನ ಬಿಟ್ಟು ತಮಗೆ ತಂದು ತೋರಿಸಬೇಕಂತೆ. ಅದರ ಮೇಲೆ ಬಿಳಿ ಕಂಡರೆ ಅತ್ತೆ ಇಡಗುಂದಿಯಲ್ಲೇ.

ಶುಕ್ರವಾರ, 28 ಫೆಬ್ರುವರಿ

ಬಟ್ಟೆ ಕರಿಯದಾಗಿಯೇ ಇದೆ. ಬೆಕ್ಕು ಅದರ ಮೇಲೆ ಮಲಗಲು ಬಂತು. ಬೆನ್ನಟ್ಟಿದೆ.

ಶನಿವಾರ, 29 ಫೆಬ್ರುವರಿ

ಇವರು ಕೆಲಸ ಬಿಟ್ಟು ಬಂದು ಹಿಡಿಕೆ ಆಡಿಸುತ್ತಾರೆ. ಜಂತಿಗೆ ಏಣಿ ಹಾಕಿ ಹತ್ತಿದೆ. ಮೂವತ್ತು ವರ್ಷದ ಹತ್ತಿ ಇಳಿಸಿದೆವು. ಅದರಲ್ಲಿ ಒಂದು ದಿಂಬು ಆಯಿತು, ನಿಜವಾಗಿಯೂ.

ಸೋಮವಾರ, 2 ಮಾರ್ಚ್

ಮುಂಜಾನೆ ಬಟ್ಟೆಯನ್ನು ಮಡಿಸದೆ, ಹಲಗೆಯ ಮೇಲೆ ಹಾಸಿ, ಇವರೂ ನಾನೂ ಎರಡು ತುದಿ ಹಿಡಿದು ಪೇಟೆಯೊಳಗಿಂದ ದವಾಖಾನೆಗೆ ನಡೆದೆವು. ಜನ ದಾರಿ ಬಿಟ್ಟು ನಿಂತರು. ಏನೋ ಹೊತ್ತೊಯ್ಯುತ್ತಿದ್ದಾರೆ ಎಂದು ಬಗ್ಗಿ ನೋಡಿದರೆ ಬರಿಯ ಕರಿಯ ಬಟ್ಟೆ. ಡಾಕ್ಟರರು ಕನ್ನಡಕ ಏರಿಸಿ ನೋಡಿ, ಒಂದು ಎಳೆ ಬೆರಳಲ್ಲಿ ಎತ್ತಿ, "ಇದು?" ಎಂದರು.

"ಬೆಕ್ಕಿನ ಕೂದಲ್ರೀ," ಎಂದೆ.

"ಹಾಗಾದರೆ ಕರೆತನ್ನಿ," ಎಂದರು. ಕೆಮ್ಮು ಪೂರ್ತಿ ಹೋಗುತ್ತದೆಂದು ಭಾವಿಸಬೇಡಿ, ಹೆಚ್ಚಾದರೆ ತಡಮಾಡದೆ ಬನ್ನಿ ಎಂದೂ ಎಚ್ಚರಿಸಿದರು. ಮುಂದಿನ ಮೋಟಾರಿಗೆ ಇವರು ಇಡಗುಂದಿಗೆ ಹೋದರು.

ಮಂಗಳವಾರ, 3 ಮಾರ್ಚ್

ಬಕ್ರೀದಿಗೆ ಸರಿಯಾಗಿ ಅತ್ತೆ ಬಂದರು. ಬಾಗಿಲಲ್ಲಿ ನಿಂತು ಉಸಿರೆಳೆದು ನೋಡಿದರು. ಒಳಗೆ ಬಂದು ಕಿಟಕಿಯ ಸಳಿಗೆ ಬೆರಳು ಹಚ್ಚಿದರು, ಬೆರಳು ನೋಡಿದರು, ಏನೂ ಹೇಳಲಿಲ್ಲ. ಜಂತಿ ನೋಡಿದರು, ಏನೂ ಹೇಳಲಿಲ್ಲ. ಮಾವ ಹಿಂಜುವುದನ್ನು ನಿಲ್ಲಿಸಿ ಕಾದು ಕೂತಿದ್ದರು. ಕೊನೆಗೆ ಅತ್ತೆ ಅವರ ಮುಂದೆ ನಿಂತು, "ಹುಬ್ಬಿನಾಗಿಂದು ಯಾರೂ ತಗದಿಲ್ಲೇನು?" ಎಂದರು.

ನಾನು ಕೊಳವೆ ತಂದೆ. ಇವರು ಹಿಡಿಕೆಗೆ ನಿಂತರು. ಮಾವನ ಎರಡೂ ಹುಬ್ಬು ಸ್ವಚ್ಛವಾದವು. ಅವರು ಬೇಡ ಬೇಡ ಎನ್ನುತ್ತಲೇ ಮುಖ ಮುಂದೆ ಮಾಡಿದ್ದರು.

ಸೋಮವಾರ, 9 ಮಾರ್ಚ್

ಈಗ ಬೆಳಿಗ್ಗೆ ಸಂಜೆ ನಾನು ಹಿಡಿಕೆ ಆಡಿಸುತ್ತೇನೆ, ಅತ್ತೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಮಣೆಯ ಮೇಲೆ ಕೂತು ಕೊಳವೆ ಹಿಡಿಯುತ್ತಾರೆ. ಮಣೆಯನ್ನು ಸರಿಸುವುದೂ ನಾನೇ. "ಜೋರಾಗಿ ಹೊಡಿ, ನಿದ್ದಿ ಬಂತೇನು?" ಎನ್ನುತ್ತಾರೆ. "ನೀವು ಮೂಲಿ ಬಿಟ್ರಿ," ಎನ್ನುತ್ತೇನೆ. ಓಣಿಯ ಹೆಂಗಸರು ನೋಡಲು ಬರುತ್ತಾರೆ. ನಿನ್ನೆ ಪಕ್ಕದ ಹೊನ್ನಿ ಕೇಳಿದಳು, ಇದನ್ನು ಆರಿಸಿದವರು ಯಾರು ಎಂದು. ಅತ್ತೆ ಕೊಳವೆಯ ತುದಿಯಿಂದ ನನ್ನನ್ನು ತೋರಿಸಿ, "ಇಕೀ. ಹುಬ್ಬಳ್ಯಾವಗ ಸೀನಿಸಿ ಬಂದಾಳ," ಎಂದರು. ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಯಲ್ಲಾಪುರದ ಎರಡು ಗಾದಿ ಮುಗಿಯುತ್ತ ಬಂದಿವೆ. ಒಂದರ ಅಂಚು ಪೂರ್ತಿ ನನ್ನದು. ಅತ್ತೆ ಬೆರಳಾಡಿಸಿ ನೋಡಿ, ಬಿಚ್ಚದೆ ಮುಂದಿನದಕ್ಕೆ ಹೋದರು.

ಶುಕ್ರವಾರ, 13 ಮಾರ್ಚ್

ಬನವಾಸಿಯಿಂದ ಅಣ್ಣ ಗಾಡಿ ಕಟ್ಟಿಕೊಂಡು ನನ್ನನ್ನು ಕರೆಯಲು ಬಂದಿದ್ದ. ತಾಯಿ ಕಳಿಸಿದ್ದಾಳೆ, ಹದಿನೈದು ದಿನ ಇದ್ದು ಬರುವಿಯಂತೆ ಎಂದ. ಅತ್ತೆಯೂ, "ಹೋಗಿ ಬಾರವಾ, ನಾ ನೋಡ್ಕೊಂತೀನಿ," ಎಂದರು.

ನಾನು ಅಣ್ಣನಿಗೆ ವಿವರಿಸಿ ಹೇಳಿದೆ. ಈ ಪೆಟ್ಟಿಗೆಗೆ ಇಬ್ಬರು ಬೇಕು. ಮಾವನಿಗೆ ಹಿಡಿಕೆ ಆಡಿಸಿದರೆ ತೋಳು ನೋಯುತ್ತದೆ, ಇವರು ಊರಿನಲ್ಲಿ ಇರುವುದೇ ಇಲ್ಲ, ಪರದೆಗೆ ನೀರು ಹಾಕುವುದನ್ನು ಇಬ್ಬರೂ ಮರೆಯುತ್ತಾರೆ, ಅತ್ತೆಗೆ ಮಣೆ ಸರಿಸಿಕೊಳ್ಳಲು ಆಗುವುದಿಲ್ಲ. ಯಂತ್ರ ನಮ್ಮ ಮನೆಗೆ ಹೊಸದು, ಅದನ್ನು ಬಿಟ್ಟು ಬರಲಾಗದು. ಮಳೆ ಹಿಡಿದ ಮೇಲೆ ಹಿಂಜುವ ಕೆಲಸ ಕಡಿಮೆ. ಆಗ ಬರುತ್ತೇನೆ, ಅತ್ತೆಯನ್ನೂ ಕರೆದುಕೊಂಡು ಬರುತ್ತೇನೆ, ಗಾಡಿಯಲ್ಲಿ ಮೆತ್ತಗೆ ಏನಾದರೂ ಹಾಸಿ ತಾ ಎಂದೆ.

ಅಣ್ಣ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಯಾಕೆ ನಗುತ್ತಾನೋ ತಿಳಿಯಲಿಲ್ಲ. ಊಟ ಮಾಡಿ, ಅತ್ತೆ ಕಟ್ಟಿಕೊಟ್ಟ ಹೊಸ ದಿಂಬನ್ನು ತಾಯಿಗೆಂದು ಬಗಲಲ್ಲಿ ಇಟ್ಟುಕೊಂಡು, ಖಾಲಿ ಗಾಡಿಯಲ್ಲಿ ಹೊರಟುಹೋದ.